ಮನಸ್ಸಿನ ಮೂಲೇಲಿ ಇರೋ ಮಾತು
(ಬೊಮ್ಮನಹಾಳಿನಲ್ಲಿ ಗಡಿಭಾಗದ ಕನ್ನಡ ಯುವಕರ ಮುಂದೆ ಆಡಿದ ಮಾತು)



ನಿಮ್ಮಲ್ಲಿ ಬಹಳ ಮಂದಿ ಕೆಲಸದ ಪರೀಕ್ಷೆಗೆ ಇಂಗ್ಲಿಷ್ ಓದ್ತಿದ್ದೀರಿ. ಅದಕ್ಕೇ ಇವತ್ತು ಒಂದು ಇಂಗ್ಲಿಷ್ ಮಾತಿನಿಂದಲೇ ಶುರು ಮಾಡೋಣ: ‘ಅಟ್ ದ ಬ್ಯಾಕ್ ಆಫ್ ಮೈ ಮೈಂಡ್’.

ಪದಕ್ಕೆ ಪದ ಇಟ್ಟರೆ ‘ಮನಸ್ಸಿನ ಹಿಂಭಾಗದಲ್ಲಿ’ ಅಂತಾಗುತ್ತೆ. ಹಂಗೆ ನಮ್ಮಲ್ಲಿ ಯಾರೂ ಮಾತಾಡಲ್ಲ. ‘ಮನಸ್ಸಿನ ಮೂಲೇಲಿ ಇತ್ತು’, ‘ಒಳಗೊಳಗೇ ಇತ್ತು’ ಅಂತೀವಿ. ಅವ್ವ ಶೇಂಗಾ ಹೊಲದಲ್ಲಿ ಕಳೆ ತೆಗೀತಿರ್ತಾಳೆ. ಹೆರಿಗೆಗೆ ಹೋದ ಮಗಳ ಯೋಚನೆ ಮೂಲೇಲಿ ಇದ್ದೇ ಇರುತ್ತೆ. ಅದೇ ಇದು.

‘ಗುಂಗು’ ಬೇರೆ. ಗುಂಗು ಹಿಡಿದವನಿಗೆ ಬೇರೆ ಕೆಲಸವೇ ಕಾಣಲ್ಲ. ‘ತಲೆ ಕೊರೀತೈತೆ’ ಅನ್ನೋದೂ ಬೇರೆ, ಅದು ನಿದ್ದೆ ಕೆಡಿಸುತ್ತೆ. ಈ ಮಾತಿಗೆ ಅಷ್ಟು ಜೋರಿಲ್ಲ. ಸುಮ್ಮನೆ ಕೂತಿರುತ್ತೆ, ಆದರೆ ಎದ್ದು ಹೋಗಲ್ಲ. ‘ದಿ ಎಕ್ಸಾಮ್ ವಾಸ್ ಆಲ್ವೇಸ್ ಅಟ್ ದ ಬ್ಯಾಕ್ ಆಫ್ ಮೈ ಮೈಂಡ್’ ಅನ್ನಿ, ಸರಿಯಾಗಿ ಕೂರುತ್ತೆ. ‘ಅಟ್’ ಬದಲು ‘ಇನ್’ ಅಂದರೂ ತಪ್ಪಿಲ್ಲ.

ನಮಗೆ ಕನ್ನಡವೂ ಹಂಗೇ ಆಗೈತೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದೋನಿ ತಾಲೂಕುಗಳು ಈ ಕಡೆ ಉಳಿದವು. ಬಳ್ಳಾರಿ ಮೈಸೂರಿಗೆ ಸೇರಿತು. ಕಚೇರಿಯಲ್ಲಿ, ಅರ್ಜಿಯಲ್ಲಿ ಮುಂದಿನ ಸಾಲಿಗೆ ತೆಲುಗು, ಇಂಗ್ಲಿಷ್ ಬಂದವು. ಅವೂ ಅನ್ನ ಕೊಡೋ ಭಾಷೆಗಳೇ, ಅವುಗಳ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಬ್ಯಾಂಕ್ ಕೌಂಟರ್‌ನಲ್ಲಿ ನಾವು ನೋಡ್ತಿರ್ತೀವಿ: ತೆಲುಗಲ್ಲಿ ಮಾತಾಡಿ ದುಡ್ಡು ಇಸ್ಕೊಂಡ ಅಜ್ಜ, ಪಕ್ಕಕ್ಕೆ ನಿಂತು ನೋಟು ಎಣಿಸೋದು ಮಾತ್ರ ‘ಒಂದು, ಎರಡು, ಮೂರು’ ಅಂತಲೇ.

ಮೂಲೇಲಿ ಇದ್ದರೆ ಸಾಕಾ? ಅಜ್ಜನ ಮನಸ್ಸಿನ ಮೂಲೇಲಿ ಇರೋದು ಮೊಮ್ಮಗನಿಗೆ ತಾನಾಗೇ ಬರಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯೋ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನ ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ. 1956ರಲ್ಲಿ ಸೇರಿಸಿದ ವಿಧಿ ಅದು. ಆದರೆ ಕೇಳೋರು ಲೆಕ್ಕದಲ್ಲಿ ಕಾಣಬೇಕಲ್ಲ! ಜನಗಣತಿಯವರು ಮನೆ ಬಾಗಿಲಿಗೆ ಬಂದು ಮಾತೃಭಾಷೆ ಕೇಳಿದಾಗ, ‘ಮಕ್ಕಳು ಓದೋದು ತೆಲುಗು ತಾನೆ’ ಅಂತ ಅದನ್ನೇ ಬರೆಸಿಬಿಟ್ಟರೆ, ನಾವೇ ನಮ್ಮನ್ನ ಲೆಕ್ಕದಿಂದ ತೆಗೆದಂಗೆ. ಮನೇಲಿ ಅವ್ವನ ಜೊತೆ ಆಡೋ ಭಾಷೆ ಯಾವುದೋ ಅದನ್ನೇ ಬರೆಸಿ.

ಇವತ್ತು ರಾತ್ರಿ ಇನ್ನೊಂದು ಕೆಲಸ ಮಾಡಿ. ಮನೇಲಿರೋ ಚಿಕ್ಕ ಮಗುವಿಗೆ ಅದರ ಹೆಸರನ್ನ ಕನ್ನಡದಲ್ಲಿ ಬರೆಯೋಕೆ ಕಲಿಸಿ. ಮೂಲೇಲಿ ಕೂತಿರೋದು ಅಷ್ಟರಿಂದಲೇ ಪಡಸಾಲೆಗೆ ಬರುತ್ತೆ.

ಜೈ ಕನ್ನಡ.