ಮಳೆಗಿಂತ ಮುಂಚೆ ಕಡಲು ಬದಲಿಸುವ ಹಡಗು



ನಮ್ಮ ಹೈದರಾಬಾದಿಗೆ ಸಮುದ್ರವಿಲ್ಲ. ಆ ಕೊರತೆ ತೀರಲೆಂದೋ ಏನೋ, ಹಿಂದಿನವರು ಕೆರೆಗೇ ಹುಸೇನ್ ಸಾಗರ ಎಂದು ಹೆಸರಿಟ್ಟರು. ಸಂಜೆ ಟ್ಯಾಂಕ್‌ಬಂಡ್ ಮೇಲೆ ಕೂತು ಗಾಳಿ ಕುಡಿದು ಮನೆಗೆ ಬರುವ ನನ್ನಂಥವನು ಇವತ್ತು ನಿಮ್ಮೆದುರು ಹಡಗಿನ ಮಾತು ಎತ್ತಿದರೆ ನಗಬೇಡಿ. ಅದಕ್ಕೆ ಕಾರಣ ನಮ್ಮ ಮನೆಯಾಕೆ.

ನಾನು ಕಲಬುರಗಿಯವನು, ಆಕೆ ಕುಂದಾಪುರದ ಹತ್ತಿರದ ಗಂಗೊಳ್ಳಿಯವಳು. ಆಕೆಯ ತಂದೆ ಮಂಜಿಯಲ್ಲಿ ಖಲಾಸಿಯಾಗಿದ್ದರು. ಮಂಜಿ ಎಂದರೆ ಹಾಯಿ ಕಟ್ಟಿದ ದೊಡ್ಡ ಮರದ ಹಡಗು. ಕರಾವಳಿಯ ಹೆಂಚು ತುಂಬಿಕೊಂಡು ಮುಂಬಯಿಯತ್ತ ಹೋಗುತ್ತಿತ್ತು. ಮೇ ತಿಂಗಳ ನಡುವೆ ಮಂಜಿಯನ್ನು ದಡಕ್ಕೆ ಎಳೆದು, ತೆಂಗಿನ ಮಡಲು ಹೊದಿಸಿದರೆ ಮುಗಿಯಿತು. ಮಳೆಗಾಲ ಕಳೆಯುವವರೆಗೆ ಅಪ್ಪ ಮನೆಯಲ್ಲಿ. ನೂಲ ಹುಣ್ಣಿಮೆಯಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಮತ್ತೆ ಹೊರಡುವ ಸಿದ್ಧತೆ. ಆ ಹಡಗನ್ನು ಆಕೆ ಒಮ್ಮೆಯೂ ಹತ್ತಲಿಲ್ಲ. ಹೆಣ್ಣುಮಕ್ಕಳನ್ನು ಯಾರು ಹತ್ತಿಸುತ್ತಿದ್ದರು? ಮೊಣಕಾಲಿನ ಆಪರೇಷನ್‌ಗೆ ಡಾಕ್ಟರು ದಿನ ಗೊತ್ತುಮಾಡಿದಾಗ ಆಕೆ ಕೇಳಿದ್ದು ಇಷ್ಟೇ: “ರೀ, ಅದಕ್ಕೂ ಮುಂಚೆ ಒಂದು ಸಲ ಕಡಲಿನ ಮೇಲೆ ಹೋಗಿ ಬರೋಣವಾ?”

ವಿಚಾರಿಸಿದೆ. ಹಡಗುಗಳೂ ಋತುವಿಗೆ ತಕ್ಕಂತೆ ಊರು ಬದಲಿಸುತ್ತವೆ ಎಂದು ಗೊತ್ತಾದದ್ದು ಆಗಲೇ. ಬೇಸಿಗೆಯಲ್ಲಿ ಯೂರೋಪಿನ ಮೆಡಿಟರೇನಿಯನ್ ಕಡಲಲ್ಲಿ ಓಡುವ ಪ್ರವಾಸಿ ಹಡಗು ಚಳಿಗಾಲಕ್ಕೆ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಹೋಗುತ್ತದೆ, ವಸಂತದಲ್ಲಿ ಹಿಂತಿರುಗುತ್ತದೆ. ಹಡಗು ಹೇಗೂ ಹೋಗಲೇಬೇಕು. ನೌಕರರು ಹೇಗೂ ಇದ್ದಾರೆ, ಡೀಸೆಲ್ ಹೇಗೂ ಉರಿಯುತ್ತದೆ. ಖಾಲಿ ಹೋಗುವ ಬದಲು ಜನರನ್ನು ಕಡಿಮೆ ದರಕ್ಕೆ ಹತ್ತಿಸಿಕೊಳ್ಳುತ್ತಾರೆ. ನಮ್ಮಲ್ಲಿ ರಿಟರ್ನ್ ಗಾಡಿ ಎನ್ನುತ್ತೇವಲ್ಲ, ತಿರುಪತಿಗೆ ಬಾಡಿಗೆ ಹೋದ ಟ್ಯಾಕ್ಸಿಯವನು ವಾಪಸ್ ಬರುವಾಗ ಸಿಕ್ಕಷ್ಟಕ್ಕೆ ಕೂರಿಸಿಕೊಳ್ಳುವುದು, ಅದೇ ಲೆಕ್ಕ. ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ಹೋಗುವಾಗ ಹಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಂತೆ. ದಿನಕ್ಕೆ ಇಪ್ಪತ್ತೈದು ಗಂಟೆ! ನಿವೃತ್ತನಿಗೆ ಅದನ್ನು ಇಟ್ಟುಕೊಂಡು ಏನು ಮಾಡುವುದೋ ತಿಳಿಯದು.

ನಮ್ಮ ದೇಶದಲ್ಲೂ ಇದು ನಡೆದಿದೆ. 2021ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಎಂಬ ಹಡಗು ಓಡಾಟ ಶುರು ಮಾಡಿತು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಆಗ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿದ್ದ ಹಡಗು ಅದು. ಜೂನ್ ಬಂತೆಂದರೆ ಅರಬ್ಬೀ ಸಮುದ್ರ ಕೆರಳುತ್ತದೆ. ಆದರೆ ನೈಋತ್ಯ ಮಾರುತದ ಆರ್ಭಟ ಚೆನ್ನೈ ಕಡೆ ಅಷ್ಟಿಲ್ಲ. ಅಲ್ಲಿಯ ದೊಡ್ಡ ಮಳೆ ಅಕ್ಟೋಬರ್ ನಂತರ. ಹಾಗಾಗಿ 2022ರ ಮಳೆಗಾಲಕ್ಕೆ ಹಡಗು ಚೆನ್ನೈಗೆ ಬಂತು. ಆ ಜೂನ್ 4ರಂದು ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಅವರು ಅಲ್ಲಿಂದ ಅದರ ಪ್ರಯಾಣಕ್ಕೆ ಚಾಲನೆ ಕೊಟ್ಟರು. 2023ರ ಜೂನ್‌ನಲ್ಲಿ ಚೆನ್ನೈಯಿಂದಲೇ ಶ್ರೀಲಂಕಾಕ್ಕೂ ಹೊರಟಿತು.

ನಮ್ಮ ಮೀನುಗಾರರ ಕ್ಯಾಲೆಂಡರ್ ನೋಡಿದರೂ ಇಂಥದೇ ಪಾಳಿ ಕಾಣುತ್ತದೆ. ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಅದಕ್ಕೆ ಮೀನು ಮರಿ ಮಾಡುವ ಕಾಲವೆಂಬ ಕಾರಣ ಬೇರೆ ಇದೆ, ನಿಜ. ಆದರೂ ಒಂದು ಕಡಲು ಬಾಗಿಲು ಹಾಕುವ ಹೊತ್ತಿಗೆ ಇನ್ನೊಂದು ತೆರೆಯುತ್ತದೆ.

ಇಂಥ ಒಮ್ಮುಖ ಪ್ರಯಾಣದ ದೊಡ್ಡ ತೊಡಕು, ಹತ್ತುವುದು ಒಂದೂರು, ಇಳಿಯುವುದು ಇನ್ನೊಂದೂರು. ವಿಮಾನದ ಖರ್ಚು ಸೇರಿದರೆ ಹಡಗಿನಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತದೆ. ಆದರೆ ಹೈದರಾಬಾದಿನವರಿಗೆ ಈ ತೊಡಕೇ ಇಲ್ಲ, ಯೋಚಿಸಿ ನೋಡಿ! ಮುಂಬಯಿಯೂ ನಮಗೆ ಒಂದು ರಾತ್ರಿಯ ರೈಲು, ಚೆನ್ನೈಯೂ ಒಂದು ರಾತ್ರಿಯ ರೈಲು. ಹುಸೇನ್ ಸಾಗರ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ, ಚಾರ್ಮಿನಾರ್ ಎಕ್ಸ್‌ಪ್ರೆಸ್‌ನಲ್ಲಿ ಬಂದರಾಯಿತು.

ಗಚ್ಚಿಬೌಲಿಯಲ್ಲಿರುವ ಮಗ ಫೋನಿನಲ್ಲಿ ಗದರಿದ. “ಅಪ್ಪಾ, ನಿಮಗೆ ಸ್ಟೆಂಟ್ ಹಾಕಿದೆ. ನಡುನೀರಿನಲ್ಲಿ ಏನಾದರೂ ಆದರೆ?” ಪ್ರಶ್ನೆ ಸರಿಯಾಗಿಯೇ ಇತ್ತು. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆದರೆ ಅದು ದೊಡ್ಡಾಸ್ಪತ್ರೆಯಲ್ಲ. ನನ್ನ ಡಾಕ್ಟರನ್ನು ಕಂಡೆ, ಹೊರಡಬಹುದೆಂದು ಬರೆಸಿಕೊಂಡೆ, ವಿಮೆ ಮಾಡಿಸಿದೆ. ನೀವೂ ಹೊರಟರೆ ಮಾತ್ರೆಗಳನ್ನು ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಪೆಟ್ಟಿಗೆ ನಿಮ್ಮ ಕೋಣೆಗೆ ಬರಲು ಗಂಟೆಗಟ್ಟಲೆ ಹಿಡಿಯಬಹುದು. ಟಿಕೆಟ್ ಕೊಂಡ ಏಜೆಂಟ್ ಮಹಾಶಯರು ನಮಗೆ ದರ ಹೇಳಿದರೇ ಹೊರತು ಅದರ ಮೇಲೆ ಬಂದರು ಶುಲ್ಕ, ತೆರಿಗೆ ಇದೆಯೆಂದು ಹೇಳಲಿಲ್ಲ. ಅದನ್ನು ಮೊದಲೇ ಕೇಳಿ. ಮಧ್ಯೆ ಶ್ರೀಲಂಕಾದಲ್ಲಿ ನಿಲ್ಲುತ್ತದೆಯೇ, ಪಾಸ್‌ಪೋರ್ಟ್ ಬೇಕೇ ಎಂಬುದನ್ನೂ ಕೇಳಿ.

ಕಾರ್ಯಕ್ರಮಪಟ್ಟಿಯಲ್ಲಿರುವ ಬಂದರು ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬೇಡಿ. 2022ರ ಜೂನ್‌ನಲ್ಲಿ ಚೆನ್ನೈಯಿಂದ ಹೊರಟ ಹಡಗಿಗೆ ಪುದುಚೇರಿಯಲ್ಲಿ ನಿಲ್ಲಲು ಅನುಮತಿ ಸಿಗಲಿಲ್ಲ. ಹಡಗಿನಲ್ಲಿ ಜೂಜು ಇದೆಯೆಂದು ಅಲ್ಲಿ ವಿರೋಧ ಎದ್ದಿತ್ತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ, ಎಂಎಸ್‌ಸಿ ಎಂಬ ದೊಡ್ಡ ಕಂಪನಿ 2024ರ ಏಪ್ರಿಲ್‌ನಲ್ಲಿ ಯೂರೋಪಿಗೆ ಮರಳಬೇಕಿದ್ದ ಮೂರು ಹಡಗುಗಳ ಇಂಥ ಪ್ರಯಾಣಗಳನ್ನೇ ರದ್ದು ಮಾಡಿತು.

ನಾವು ಹೊರಟದ್ದು ಮೇ ಕೊನೆಯಲ್ಲಿ. ಮುಂಬಯಿಯಿಂದ ಕೊಚ್ಚಿ, ಅಲ್ಲಿಂದ ಶ್ರೀಲಂಕಾ ಬಳಸಿಕೊಂಡು ಚೆನ್ನೈ. ನಕ್ಷೆಯಲ್ಲಿ ರಾಮೇಶ್ವರದ ಪಕ್ಕ ಹಾದುಹೋದರೆ ಹತ್ತಿರ ಎನಿಸುತ್ತದೆ, ಆದರೆ ರಾಮಸೇತುವಿನ ಬಳಿ ನೀರು ಆಳವಿಲ್ಲ. ದೊಡ್ಡ ಹಡಗು ಲಂಕೆಯನ್ನು ಸುತ್ತಲೇಬೇಕು. ಮಳೆಗೆ ಇನ್ನೂ ವಾರವಿದ್ದರೂ ಕಡಲು ಸುಮ್ಮನಿರಲಿಲ್ಲ. ಎರಡು ಹೊತ್ತು ನಾನು ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮೊಣಕಾಲು ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತುವ ನಮ್ಮಾಕೆ ಮಾತ್ರ ತೂಗಾಡುವ ಹಡಗಿನಲ್ಲಿ ಹುಟ್ಟಿನಿಂದ ಅಲ್ಲೇ ಇದ್ದವಳಂತೆ ಓಡಾಡಿದಳು.

ಎರಡನೆಯ ದಿನ ಸಂಜೆ, ಕಾರವಾರ ದಾಟಿ ಬಹಳ ಹೊತ್ತಾಯಿತು ಎಂದು ಹಡಗಿನ ಹುಡುಗನೊಬ್ಬ ಹೇಳಿದ. ಆಕೆ ಎಡಗಡೆಯ ಕಂಬಿ ಹಿಡಿದು ನಿಂತಳು. ಒಳಗೆ ಹಾಡು, ಕುಣಿತ, ಊಟದ ಗದ್ದಲ. ಕತ್ತಲಾಯಿತು. ಒಂದಾದರೂ ದೀಪ ಕಾಣುತ್ತದೇನೋ ಎಂದು ನಾನೂ ನೋಡಿದೆ. ನೀರು ಬಿಟ್ಟು ಏನೂ ಇಲ್ಲ.

“ಅಪ್ಪನ ಮಂಜಿ ದಡ ಕಾಣುವಷ್ಟು ಹತ್ತಿರವೇ ಹೋಗ್ತಿತ್ತಂತೆ” ಎಂದಳು. “ಇಷ್ಟು ದೊಡ್ಡ ಹಡಗಿಗೆ ನಮ್ಮ ಗಂಗೊಳ್ಳಿ ಎಲ್ಲಿ ಗೊತ್ತಾಗ್ತದೆ?”

ಊಟಕ್ಕೆ ಕರೆದೆ. ಇನ್ನು ಸ್ವಲ್ಪ ಹೊತ್ತು ಎಂದಳು. ಗಂಟೆ ಹತ್ತಾಯಿತು, ಅಷ್ಟರಲ್ಲಿ ಕರ್ನಾಟಕವೇ ಹಿಂದೆ ಬಿದ್ದಿರಬೇಕು.

ಚೆನ್ನೈಯಲ್ಲಿ ಇಳಿದೆವು, ಬೆಳಗಾಗುವಷ್ಟರಲ್ಲಿ ಊರು ಸೇರಿದೆವು. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಫಿಸಿಯೋಥೆರಪಿಯ ನೋವಿನಲ್ಲೇ ಒಂದು ದಿನ ನನ್ನನ್ನು ಕರೆದು ಕೇಳಿದಳು: “ರೀ, ಮಳೆಗಾಲ ಮುಗಿದ ಮೇಲೆ ಹಡಗು ಮುಂಬಯಿಗೆ ವಾಪಸ್ ಹೋಗಲೇಬೇಕಲ್ಲ? ಆಗ ಗಂಗೊಳ್ಳಿ ಬಲಗಡೆಗೆ ಬರ್ತದೆ. ರೂಮು ಆ ಕಡೆಯದೇ ಕೇಳಿ.”