ಹಳೆಯ ಡಿಜಿಟಲ್ ವಾಚುಗಳ ಕವಚ: ಚಿನ್ನದಿಂದ ಪ್ಲಾಸ್ಟಿಕ್ಕಿನವರೆಗೆ



ಕೈಗಡಿಯಾರವನ್ನು ಕಂಡೊಡನೆ ನಾವು ನೋಡುವುದು ಅದು ತೋರಿಸುವ ವೇಳೆಯನ್ನು. ಹಳೆಯ ಡಿಜಿಟಲ್ ವಾಚುಗಳನ್ನು ಸಂಗ್ರಹಿಸುವವರು ಹಾಗಲ್ಲ. ವಾಚು ಕೈಗೆ ಬಂದೊಡನೆ ಅದನ್ನು ಮಗುಚುತ್ತಾರೆ, ಅಂಚುಗಳ ಮೇಲೆ ಬೆರಳಾಡಿಸುತ್ತಾರೆ, ಅಂಗೈಯಲ್ಲಿಟ್ಟು ತೂಕ ನೋಡುತ್ತಾರೆ. ಒಳಗಿರುವ ಚಿಪ್ಪು, ಕ್ವಾರ್ಟ್ಸ್ ಹರಳು, ಬ್ಯಾಟರಿ ಸಾವಿರಾರು ವಾಚುಗಳಲ್ಲಿ ಒಂದೇ ಬಗೆಯವು ಇರಬಹುದು. ಅವುಗಳನ್ನು ಹೊತ್ತ ಕವಚ, ಅಂದರೆ ‘ಕೇಸು’, ಯಾವ ವಸ್ತುವಿನದು ಎಂಬುದರ ಮೇಲೆ ಒಂದು ವಾಚು ಸಾಧಾರಣವಾಗುತ್ತದೆ, ಇನ್ನೊಂದು ಅಪರೂಪವಾಗುತ್ತದೆ. ಈ ಕವಚದ ಕಥೆಯನ್ನು ಇಂದು ನೋಡೋಣ. ಇದರಲ್ಲಿ ನಿಮ್ಮ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪಾಠವೂ ಸೇರಿದೆ.

ಕಥೆ ಚಿನ್ನದಿಂದಲೇ ಆರಂಭವಾಗುತ್ತದೆ. ಅಮೆರಿಕದ ಹ್ಯಾಮಿಲ್ಟನ್ ಕಂಪನಿ ‘ಪಲ್ಸರ್’ ಎಂಬ ಹೆಸರಿನಲ್ಲಿ ಮೊದಲ ಎಲೆಕ್ಟ್ರಾನಿಕ್ ಡಿಜಿಟಲ್ ಕೈಗಡಿಯಾರವನ್ನು 1970ರಲ್ಲಿ ಪ್ರದರ್ಶಿಸಿ, 1972ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ತಂದಿತು. ಮುಳ್ಳುಗಳಿಲ್ಲ, ಗುಂಡಿ ಒತ್ತಿದರೆ ಕಪ್ಪು ಗಾಜಿನ ಹಿಂದೆ ಕೆಂಪು ಅಂಕಿಗಳು ಬೆಳಗುತ್ತಿದ್ದವು. ಬೆಳಕು ಸೂಸುವ ಡಯೋಡ್‌ಗಳು, ಅಂದರೆ ಎಲ್.ಇ.ಡಿ.ಗಳು, ಬ್ಯಾಟರಿಯನ್ನು ಬೇಗ ಹೀರಿಬಿಡುತ್ತಿದ್ದುದರಿಂದ ಅಂಕಿಗಳು ಸದಾ ಉರಿಯುವಂತಿರಲಿಲ್ಲ. ಕವಚ 18 ಕ್ಯಾರಟ್ ಚಿನ್ನದ್ದು. ಅಂದರೆ 24 ಭಾಗದಲ್ಲಿ 18 ಭಾಗ, ನೂರಕ್ಕೆ 75ರಷ್ಟು ಚಿನ್ನ. ಬೆಲೆ 2,100 ಡಾಲರ್. ಆ ದೇಶದಲ್ಲಿ ಆಗ ಒಂದು ಸಣ್ಣ ಕಾರು ಬರುತ್ತಿದ್ದ ಹಣ! ವೇಳೆ ತೋರಿಸಲು ಚಿನ್ನದ ಅಗತ್ಯವೇನೂ ಇರಲಿಲ್ಲ. ಆದರೆ ಅಷ್ಟು ಬೆಲೆ ಕೊಟ್ಟವನಿಗೆ ಕೈಯಲ್ಲಿ ಏನಾದರೂ ಭಾರವಾಗಿ ಸಿಗಬೇಡವೇ? ಕಾಣದ ಚಿಪ್ಪಿನ ಬೆಲೆಯನ್ನು ಕಾಣುವ ಚಿನ್ನ ಸಮರ್ಥಿಸಿತು ಎಂದೇ ನನಗೆ ತೋರುತ್ತದೆ.

ಮರುವರ್ಷ, 1973ರಲ್ಲಿ, ಎರಡನೆಯ ಮಾದರಿ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ‘ಗೋಲ್ಡ್ ಫಿಲ್ಡ್’ ಎಂಬ ಬಗೆಯಲ್ಲೂ ಬಂದಿತು. ಅದೇ ವರ್ಷದ ಜೇಮ್ಸ್ ಬಾಂಡ್ ಚಿತ್ರದಲ್ಲಿ ರೋಜರ್ ಮೂರ್ ಕೈಯಲ್ಲಿ ಇದ್ದುದು ಈ ಮಾದರಿಯೇ. ಗೋಲ್ಡ್ ಫಿಲ್ಡ್ ಎಂದರೆ ನಮ್ಮ ಪೇಟೆಯ ಗಿಲೀಟಲ್ಲ. ಗಿಲೀಟಿನಲ್ಲಿ ವಿದ್ಯುತ್ತಿನಿಂದ ಕೂರಿಸಿದ ಚಿನ್ನದ ಪದರ ಬಹಳ ತೆಳು. ಇದರಲ್ಲಿ ಚಿನ್ನದ ತಗಡನ್ನೇ ಅಗ್ಗದ ಲೋಹದ ಮೇಲೆ ಒತ್ತಡ ಮತ್ತು ಶಾಖದಿಂದ ಬೆಸೆಯುತ್ತಾರೆ. ಹಾಗಾಗಿ ಬಹುಕಾಲ ಬಾಳುತ್ತದೆ.

ಸ್ಟೀಲಿನ ಮಾದರಿಯಲ್ಲಿ ಒಂದು ಸ್ವಾರಸ್ಯವಿದೆ. ವೇಳೆ ಸರಿಪಡಿಸಲು ಅದಕ್ಕೆ ತಿರುಪು ಇರಲಿಲ್ಲ. ಪಟ್ಟಿಯ ಕೊಂಡಿಯಲ್ಲಿ ಒಂದು ಪುಟ್ಟ ಅಯಸ್ಕಾಂತದ ಕಡ್ಡಿಯನ್ನು ಅಡಗಿಸಿಟ್ಟಿದ್ದರು. ಅದನ್ನು ತೆಗೆದು ವಾಚಿನ ಬೆನ್ನಿಗೆ ಹಿಡಿದರೆ ಒಳಗಿನ ಸ್ವಿಚ್ಚು ಕೂಡಿಕೊಂಡು ಅಂಕಿಗಳು ಮುಂದಕ್ಕೆ ಓಡುತ್ತಿದ್ದವು. ಕವಚ ಸಾಧಾರಣ ಕಬ್ಬಿಣದ್ದಾಗಿದ್ದರೆ ಅಯಸ್ಕಾಂತದ ಬಲ ಅದರಲ್ಲೇ ಹರಿದುಹೋಗಿ ಸ್ವಿಚ್ಚನ್ನು ಮುಟ್ಟುತ್ತಿರಲಿಲ್ಲ. ಕ್ರೋಮಿಯಂ ಜೊತೆಗೆ ಸಾಕಷ್ಟು ನಿಕ್ಕಲ್ ಬೆರೆತ ಉಕ್ಕು ಅಯಸ್ಕಾಂತಕ್ಕೆ ಸೋಲುವುದಿಲ್ಲ, ಅದನ್ನು ತಡೆಯುವುದೂ ಇಲ್ಲ. ನಿಮ್ಮ ಅಡಿಗೆಮನೆಯ ಸ್ಟೀಲ್ ಪಾತ್ರೆಗಳಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಕೆಲವಕ್ಕೆ ಅಂಟುತ್ತದೆ, ಕೆಲವಕ್ಕೆ ಅಂಟುವುದಿಲ್ಲ.

ಈ ವೈಭವ ಹೆಚ್ಚು ದಿನ ನಡೆಯಲಿಲ್ಲ. 1976ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಪ್ಲಾಸ್ಟಿಕ್ ಕವಚದ ಎಲ್.ಇ.ಡಿ. ವಾಚನ್ನು 20 ಡಾಲರಿಗೆ ಮಾರಿತು. ಮರುವರ್ಷ ಅದು 10 ಡಾಲರಿಗೆ ಇಳಿಯಿತು. ಐದೇ ವರ್ಷಗಳಲ್ಲಿ 2,100ರಿಂದ 10! ಇತ್ತ ಸದಾ ಅಂಕಿ ತೋರಿಸುವ, ಬ್ಯಾಟರಿ ಉಳಿಸುವ ದ್ರವಸ್ಫಟಿಕದ ವಾಚುಗಳೂ ಬಂದವು. ಕೆಂಪು ಅಂಕಿಯ ವಾಚಿನ ಮೇಲಿದ್ದ ಬೆರಗು ಹೋಯಿತು. ಅದೇ ಹೊತ್ತಿಗೆ ಚಿನ್ನದ ಬೆಲೆ ಏರುತ್ತಾ 1980ರ ಜನವರಿಯಲ್ಲಿ ಒಂದು ಔನ್ಸಿಗೆ, ಅಂದರೆ ಸುಮಾರು 31 ಗ್ರಾಮಿಗೆ, 800 ಡಾಲರ್ ದಾಟಿತು. ಹೊರಗೆ ಗಟ್ಟಿ ಚಿನ್ನವಿದ್ದು ಒಳಗೆ ಕೆಟ್ಟುನಿಂತ ವಾಚಿಗೆ ಅಕ್ಕಸಾಲೆಯ ಮೂಸೆಗಿಂತ ದೊಡ್ಡ ಶತ್ರು ಯಾರು? ಬೆಲೆಬಾಳುವ ಕವಚವೇ ವಾಚಿಗೆ ಮುಳುವಾಗಬಲ್ಲದು.

ಅಗ್ಗದ ವಸ್ತುವಿನ ಕವಚ ಅಪರೂಪವಾಗುವ ದಾರಿ ಬೇರೆ. ಅದನ್ನು ಯಾರೂ ಕರಗಿಸುವುದಿಲ್ಲ, ಎಸೆಯುತ್ತಾರೆ. ಆದರೆ ಎಲ್ಲ ಪ್ಲಾಸ್ಟಿಕ್ಕೂ ಆಗ ಅಗ್ಗವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಸ್ವಿಟ್ಸರ್ಲೆಂಡಿನ ಹೆಸರಾಂತ ಗಿರಾರ್-ಪೆರಗೋ ಸಂಸ್ಥೆ 1976ರಿಂದ 1978ರವರೆಗೆ ಒಂದು ವಿಚಿತ್ರ ಎಲ್.ಇ.ಡಿ. ವಾಚನ್ನು ತಯಾರಿಸಿತು. ಸಂಗ್ರಾಹಕರು ಅದನ್ನು ‘ಕಾಸ್ಕೆಟ್’ ಎನ್ನುತ್ತಾರೆ. ಅಂಕಿಗಳು ಮೇಲ್ಗಡೆ ಇಲ್ಲ, ಅಂಚಿನಲ್ಲಿವೆ. ಕಾರು ನಡೆಸುವವನು ಸ್ಟೀರಿಂಗಿನಿಂದ ಕೈ ತೆಗೆಯದೆ ನೋಡಬಹುದು. ಇದು ಸ್ಟೀಲಿನಲ್ಲೂ ಚಿನ್ನದ ಲೇಪದಲ್ಲೂ, ಜೊತೆಗೆ ಕಪ್ಪು ‘ಮ್ಯಾಕ್ರೊಲಾನ್’ನಲ್ಲೂ ಬಂದಿತು. ಮ್ಯಾಕ್ರೊಲಾನ್ ಎಂದರೆ ಜರ್ಮನಿಯ ಬೇಯರ್ ಕಂಪನಿ ಆಗ ತಯಾರಿಸುತ್ತಿದ್ದ ಪಾಲಿಕಾರ್ಬೋನೇಟ್. ಇದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಹೆಲ್ಮೆಟ್ಟು, ಕಾಂಪ್ಯಾಕ್ಟ್ ಡಿಸ್ಕ್‌ಗಳನ್ನು ಮಾಡುತ್ತಾರೆ: ಹಗುರ, ಸುಲಭಕ್ಕೆ ಒಡೆಯದು, ಆದರೆ ಗೀರು ಬೇಗ ಬೀಳುತ್ತದೆ. ಎಲ್ಲ ಬಗೆಗಳೂ ಸೇರಿ ತಯಾರಾದದ್ದು ಸುಮಾರು 8,200 ವಾಚುಗಳು ಮಾತ್ರ. 2022ರಲ್ಲಿ ಅದೇ ಸಂಸ್ಥೆ ಇದನ್ನು ಮತ್ತೆ ಹೊರತಂದಾಗ ಕವಚಕ್ಕೆ ಸಿರಾಮಿಕ್ ಮತ್ತು ಟೈಟಾನಿಯಂ ಬಳಸಿತು.

ಇನ್ನು ನಿಮ್ಮಲ್ಲಿ ಹಲವರಿಗೆ ಪರಿಚಿತವಾದ ಜಿ-ಶಾಕ್‌ಗೆ ಬರೋಣ. ಜಪಾನಿನ ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ, ಬಿದ್ದರೂ ಒಡೆಯದ ವಾಚು ಮಾಡಬೇಕೆಂದು ಹೊರಟವರು. ಸುಮಾರು ಇನ್ನೂರು ಮಾದರಿಗಳನ್ನು ಕಟ್ಟಡದ ಮೂರನೆಯ ಮಹಡಿಯಿಂದ ಕೆಳಕ್ಕೆ ಹಾಕಿ ನೋಡಿದರು. ಪುಟಿಯುವ ಚೆಂಡನ್ನು ಕಂಡಾಗ ಉಪಾಯ ಹೊಳೆಯಿತು: ಚೆಂಡಿನ ನಡುವೆ ಇರುವುದಕ್ಕೆ ಪೆಟ್ಟು ತಗಲುವುದಿಲ್ಲ. 1983ರಲ್ಲಿ ಬಂದ ಮೊದಲ ಜಿ-ಶಾಕ್‌ನ ಒಳಗವಚ ಸ್ಟೇನ್‌ಲೆಸ್ ಸ್ಟೀಲಿನದು, ಹೊರಗಿನ ಹೊದಿಕೆ ಯುರಿಥೇನ್ ಎಂಬ ಮೆತ್ತನೆಯ ರಾಳದ್ದು. ಸ್ಟೀಲು ನೀರು ತಡೆಯಿತು, ರಾಳ ಪೆಟ್ಟು ನುಂಗಿತು.

ಆದರೆ ಪೆಟ್ಟಿಗೆ ಜಗ್ಗದ ಈ ರಾಳ ಗಾಳಿಯ ತೇವಕ್ಕೆ ಜಗ್ಗುತ್ತದೆ. ಉದ್ದನೆಯ ಸರಪಳಿಯಂಥ ಅದರ ಅಣುಗಳನ್ನು ನೀರಿನ ಅಣುಗಳು ಕೊಂಡಿಕೊಂಡಿಯಾಗಿ ಕಡಿಯುತ್ತಾ ಹೋಗುತ್ತವೆ. ಈ ಕ್ರಿಯೆಗೆ ಹೈಡ್ರಾಲಿಸಿಸ್ ಎಂದು ಹೆಸರು. ಹೊರನೋಟಕ್ಕೆ ಚೆನ್ನಾಗಿದ್ದ ಹೊದಿಕೆ ಒಂದು ದಿನ ಒತ್ತಿದಾಗ ಹಳೆಯ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕಟ್ಟದೆ ಪೆಟ್ಟಿಗೆಯಲ್ಲಿಟ್ಟಿದ್ದರೂ ತಪ್ಪುವುದಿಲ್ಲ. ಆದ್ದರಿಂದ ಮೂಲ ಹೊದಿಕೆ ಗಟ್ಟಿಯಾಗಿ ಉಳಿದ 1983ರ ಜಿ-ಶಾಕ್ ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ. ಹೊಸ ಹೊದಿಕೆ ತೊಡಿಸಿದರೆ ಅದು ಅದೇ ವಾಚೇ, ಬೇರೆಯೇ? ಅವರೊಳಗೆ ಈ ವಾದ ಮುಗಿಯುವುದಿಲ್ಲ. ನನ್ನನ್ನು ಕೇಳಿದರೆ, ಕಟ್ಟಿಕೊಳ್ಳುವವರು ಧಾರಾಳವಾಗಿ ಬದಲಾಯಿಸಲಿ, ಹಳೆಯ ತುಂಡುಗಳನ್ನು ಮಾತ್ರ ಒಂದು ಡಬ್ಬಿಯಲ್ಲಿ ಎತ್ತಿಡಲಿ.

ಮುಂದೆ ಟೈಟಾನಿಯಂ ಬಂದಿತು. ಒಂದು ಘನ ಸೆಂಟಿಮೀಟರ್ ಸ್ಟೀಲು ಸುಮಾರು 8 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ ಮಾತ್ರ. ಸಮುದ್ರದ ಉಪ್ಪುನೀರಿಗೂ ತುಕ್ಕು ಹಿಡಿಯದು. ಕ್ಯಾಸಿಯೊ 1995ರಲ್ಲಿ ಮುಳುಗುಗಾರರಿಗಾಗಿ ಹೊರತಂದ ‘ಫ್ರಾಗ್‌ಮನ್’ ಡಿಜಿಟಲ್ ವಾಚಿಗೆ ಇದನ್ನು ಬಳಸಿತು.

ನಿಮ್ಮ ಮನೆಯ ಬೀರುವಿನಲ್ಲೂ ಒಂದು ಹಳೆಯ ಡಿಜಿಟಲ್ ವಾಚು ಇದ್ದೀತು. ಗಲ್ಫ್‌ನಿಂದ ಬಂದ ಮಾವನೋ ಚಿಕ್ಕಪ್ಪನೋ ತಂದುಕೊಟ್ಟದ್ದಾಗಿರಬಹುದು. ತೆಗೆದು ನೋಡಿ. ಮೂಲೆಗಳಲ್ಲಿ ಹಳದಿ ಇಣುಕಿದರೆ ಕ್ರೋಮಿಯಂ ಲೇಪದ ಕೆಳಗೆ ಹಿತ್ತಾಳೆಯಿದೆ ಎಂದು ತಿಳಿಯಿರಿ. ಕಪ್ಪೋ ಬೂದುಬಣ್ಣವೋ ಕಂಡರೆ ಬಹುಶಃ ಪ್ಲಾಸ್ಟಿಕ್. ಸ್ಟೀಲೆಂದು ನಾವು ನಂಬಿದ ಎಷ್ಟೋ ವಾಚುಗಳಲ್ಲಿ ಬೆನ್ನಿನ ಮುಚ್ಚಳವಷ್ಟೇ ಸ್ಟೀಲು. ಹೊಳಪು ಬರಲೆಂದು ಪಾಲಿಷ್ ಹಾಕಿ ಉಜ್ಜಬೇಡಿ. ಉಜ್ಜಿದರೆ ಲೇಪ ಹೋಗುತ್ತದೆ, ಅಂಚುಗಳು ಸವೆಯುತ್ತವೆ. ಹೋದದ್ದು ಮರಳಿ ಬರುವುದಿಲ್ಲ. ಸತ್ತ ಬ್ಯಾಟರಿಯನ್ನು ಮೊದಲು ತೆಗೆಸಿಬಿಡಿ. ಅದರಿಂದ ಸೋರುವ ಕ್ಷಾರ ಕವಚಕ್ಕಿಂತ ಮೊದಲು ಒಳಗಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ರಾಳದ ಕವಚವಾದರೆ ತಂಪಾದ, ಒಣಗಿದ ಜಾಗದಲ್ಲಿಡಿ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣವನ್ನು ಎಸೆಯದೆ ಅದರ ಪಕ್ಕದಲ್ಲಿಟ್ಟರೆ ಮಳೆಗಾಲದ ತೇವವನ್ನು ಒಂದಿಷ್ಟು ಹೀರಿಕೊಳ್ಳುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಪೊಟ್ಟಣ ಅವರ ಕೈಗೆ ಸಿಗದಂತೆ ನೋಡಿಕೊಳ್ಳಿ.