ಫೌಜಿ ಮಾಮುವಿನ ಕಬರ್ ಎಲ್ಲಿದೆ?
(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರತಿವರ್ಷ ಶಬೇ ಬರಾತ್ ರಾತ್ರಿ ನಾವು ಖಬರ್‌ಸ್ಥಾನದಿಂದ ಮನೆಗೆ ಬಂದಾಗ ನಮ್ಮ ನಾನಿ ಒಂದೇ ಮಾತು ಕೇಳುತ್ತಿದ್ದರು: "ಎಲ್ಲರ ಕಬರಿಗೂ ಹೂ ಹಾಕಿ ಬಂದಿರಿ. ನಮ್ಮಣ್ಣನ ಕಬರಿಗೆ ಹಾಕುವವರು ಯಾರು?" ಅವರ ಅಣ್ಣ ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೇರಿ ಬರ್ಮಾಕ್ಕೆ ಹೋದವರು. 1944ರಲ್ಲಿ ತೀರಿಕೊಂಡ ಸುದ್ದಿಯಷ್ಟೇ ಬಂತು.

ನಾನಿಯ ಟ್ರಂಕಿನಲ್ಲಿ ಅವರದೊಂದು ಕಾಗದವಿತ್ತು. ಭಾಷೆ ಉರ್ದು, ಲಿಪಿ ಇಂಗ್ಲಿಷಿನದು. ಅಂದಿನ ಸೈನ್ಯದಲ್ಲಿ ರೋಮನ್ ಉರ್ದು ಬಳಕೆಯಲ್ಲಿತ್ತು. ಆಗ ಮನೆಯಲ್ಲಿ ಉರ್ದು ಬಲ್ಲವರಿಗೆ ಇಂಗ್ಲಿಷ್ ಅಕ್ಷರ ಬಾರದು. ಊರಿನಲ್ಲಿ ಇಂಗ್ಲಿಷ್ ಓದಿದವರಿಗೆ ಉರ್ದು ತಿಳಿಯದು. ಹಾಗಾಗಿ ಅದು ಮಡಿಸಿದಂತೆಯೇ ಉಳಿಯಿತು. ಬಿ.ಎಡ್. ಮುಗಿದ ಮೇಲೆ ನಾನು ಬಿಡಿಸಿ ಓದಿದೆ. ಕೊನೆಯಲ್ಲಿ ಅವರ ಸೈನಿಕ ಸಂಖ್ಯೆ ಇತ್ತು.

ಯುದ್ಧದಲ್ಲಿ ಮಡಿದವರ ಸಮಾಧಿ ನೋಡಿಕೊಳ್ಳಲು 1917ರಲ್ಲಿ ಸ್ಥಾಪನೆಯಾದ ಆಯೋಗವನ್ನು ಇಂದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎನ್ನುತ್ತಾರೆ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ದಾಖಲೆ ಅದರ ಬಳಿ ಇದೆ. ಅಂತರ್ಜಾಲದಲ್ಲಿ ಉಚಿತವಾಗಿ ಹುಡುಕಬಹುದು. ಹೆಸರು ಹಾಕಿದೆ, ಸಿಗಲಿಲ್ಲ. ಮೊಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ನೀವೇ ಬಲ್ಲಿರಿ. ಸಂಖ್ಯೆ ಹಾಕಿದೆ, ಸಿಕ್ಕಿತು. ತಂದೆಯ ಹೆಸರು, ಊರು ಎರಡೂ ಸರಿಯಾಗಿದ್ದವು.

ಆದರೆ ಕಬರ್ ಇರಲಿಲ್ಲ. ಯಾಂಗೋನ್‌ನಿಂದ ಸುಮಾರು 35 ಕಿ.ಮೀ. ದೂರದ ಟೌಕ್ಯಾನ್ ಯುದ್ಧ ಸಮಾಧಿಸ್ಥಳದಲ್ಲಿ ರಂಗೂನ್ ಸ್ಮಾರಕವಿದೆ. ಸಮಾಧಿ ಎಲ್ಲಿದೆಯೆಂದು ತಿಳಿಯದ ಸುಮಾರು 27,000 ಯೋಧರ ಹೆಸರು ಅದರ ಕಂಬಗಳ ಮೇಲಿವೆ. ಅವುಗಳಲ್ಲಿ ನಮ್ಮ ಮಾಮುವಿನದೂ ಒಂದು.

ನಾನಿಗೆ ಇದನ್ನು ಹೇಗೆ ಹೇಳಲಿ? ಎರಡು ದಿನ ಸುಮ್ಮನಿದ್ದೆ. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಬಹಳ ಹೊತ್ತು ಮೌನವಾಗಿದ್ದು ಕೇಳಿದರು: "ನಮ್ಮ ಅಬ್ಬಾನ ಹೆಸರೂ ಬರೆದಿದ್ದಾರಾ?" ದಾಖಲೆಯಲ್ಲಿದೆ ಎಂದೆ. "ಹಾಗಾದರೆ ಈ ಸಲ ಅಬ್ಬಾನ ಕಬರಿಗೆ ಎರಡು ಪಾಲು ಹೂ ಹಾಕು" ಎಂದರು. ಅಂದಿನಿಂದ ಆ ಪ್ರಶ್ನೆ ಕೇಳಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಹಿರಿಯರು ಇರುವಾಗಲೇ ಕೂತು ಹೆಸರು, ಊರು, ಪಲ್ಟಣ್, ಸಂಖ್ಯೆ ಕೇಳಿ ಬರೆದಿಡಿ. ಕಲಿತ ಅಕ್ಷರ ನೌಕರಿಗಷ್ಟೇ ಅಲ್ಲ, ಮನೆಯವರ ಕಾಗದ ಓದುವುದಕ್ಕೂ ಬೇಕು ಎಂದು ಹೇಳುತ್ತಾ ನನ್ನ ಮಾತು ಮುಗಿಸುತ್ತೇನೆ. ಖುದಾ ಹಾಫಿಜ್.